ನೋವು ಶುರುವಾದ ಹೊತ್ತು

ಕೆಂಪು ಇನ್ನೂ ಉದ್ದ ಬರಬೇಕಿತ್ತು ಅನ್ನಿಸಿತು ಶಿವನಂಜಮ್ಮನಿಗೆ. ತಮಿಳು ಸೀಮೆಗೆ ಸೇರಿದ ತಾಳವಾಡಿಯ ಪೇಟೆಬೀದಿಯಲ್ಲಿ ಟೈಲರ್ ಅಂಗಡಿಯ ಮೇಲೆ, ಅವಳು ಸರ್ವೆ ಕೆಲಸ ಮಾಡುವ ಸಂಸ್ಥೆಯ ಒಂದೇ ಕೋಣೆಯ ಆಫೀಸು. ಕರೆಂಟು ಹೋಗುವುದರೊಳಗೆ ಎಂದು ಪೊನ್ಮಣಿ ಮೇಡಂ ದಡಬಡಿಸಿ ಪ್ರಿಂಟು ತೆಗೆದು, ನಾಲ್ಕು ಹಾಳೆ ಜೋಡಿಸಿ ಗೋಡೆಗೆ ಅಂಟಿಸಿದ್ದರು. ಐದು ವರ್ಷದಲ್ಲಿ ಈ ಬೆಟ್ಟದ ಮೇಲಿನ ಊರುಗಳಲ್ಲಿ ಹೆರಿಗೆಯಲ್ಲಿ ಸತ್ತ ಇಪ್ಪತ್ತಮೂರು ಹೆಂಗಸರು, ಒಬ್ಬೊಬ್ಬಳಿಗೆ ಒಂದೊಂದು ಅಡ್ಡಪಟ್ಟಿ. ಹೆಸರಿಲ್ಲ, ನಂಬರು ಮಾತ್ರ. ಪಟ್ಟಿಯಲ್ಲಿ ನಾಲ್ಕು ಬಣ್ಣ. ನೋವು ಶುರುವಾದಾಗಿನಿಂದ ಆಸ್ಪತ್ರೆಗೆ ಹೊರಡೋಣ ಅನ್ನುವವರೆಗೆ ಮನೆಯಲ್ಲಿ ಕಳೆದದ್ದು ಹಳದಿ, ಗಾಡಿಗಾಗಿ ಕಾದದ್ದು ಕೆಂಪು, ದಾರಿಯದು ನೀಲಿ, ಆಸ್ಪತ್ರೆಯೊಳಗಿನದು ಹಸಿರು. ಹದಿನೇಳನೇ ನಂಬರಿನ ಕೆಂಪು ಮಾತ್ರ ಎಲ್ಲರದಕ್ಕಿಂತ ಉದ್ದ, ಎರಡೂವರೆ ಗಂಟೆ. ಅದು ಅವಳ ತಂಗಿ ಪರಿಮಳ. ಮೇಡಂಗೆ ಅದು ಗೊತ್ತಿರಲಿಲ್ಲ. ಫಾರಂ ತುಂಬಿಸಿದವಳು ಶಿವನಂಜಮ್ಮನೇ. ವಿವರ ಕೊಟ್ಟವರು ಎಂಬಲ್ಲಿ ತಾಯಿ ಎಂದು ಬರೆದು ಅವ್ವ ದೊಡ್ಡಮಾದಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡವಳೂ ಅವಳೇ. ಗಾಡಿ ಯಾರದು ಎಂಬಲ್ಲಿ ‘ಪುಟ್ಟಬಸಪ್ಪ, ತಿಗನಾರೆ’ ಎಂದು ಪೆನ್ನು ಒತ್ತಿ ದಪ್ಪಗೆ ಬರೆದಿದ್ದಳು. ಮೇ ಒಂದಕ್ಕೆ ತಿಗನಾರೆಯಲ್ಲಿ ಗ್ರಾಮಸಭೆ, ಬ್ಲಾಕ್ ಆಫೀಸಿನಿಂದ ಅಧಿಕಾರಿ ಬರುತ್ತಾರೆ, ಮೈಕು ಹಿಡಿದು ಇದನ್ನು ಓದಬೇಕಾದವಳು ಅವಳು. ಹೆಸರು ಹೇಳಬಾರದು ಎಂದು ಮೇಡಂ ಹತ್ತು ಸಲ ಹೇಳಿದ್ದರು. ಓದುವ ಭರದಲ್ಲಿ ಒಂದು ಹೆಸರು ಬಾಯಿತಪ್ಪಿ ಬಂದರೆ ಯಾರು ಬಂದು ತಡೆಯುತ್ತಾರೆ? ಮುಂದಿನ ಸಾಲಿನ ಕುರ್ಚಿಯಲ್ಲಿ ಹೆಗಲ ಮೇಲೆ ಟವಲು ಹಾಕಿಕೊಂಡು ಕೂತಿರುವ ಪುಟ್ಟಬಸಪ್ಪನ ಮುಖ ಇಡೀ ಊರಿನ ಎದುರಿಗೆ ಇಳಿದುಹೋಗುವುದನ್ನು ಅವಳು ಎಷ್ಟು ಸಲ ನೆನೆದಿದ್ದಳೆಂದರೆ ಅದು ಆಗಲೇ ನಡೆದು ಮುಗಿದ ಹಾಗಿತ್ತು. ಹೊಟ್ಟೆ ಮಾತ್ರ ಇನ್ನೂ ತಣ್ಣಗಾಗಿರಲಿಲ್ಲ.

ಪೊನ್ಮಣಿ ಮೇಡಂ ಈರೋಡಿನವರು. ಮೂವತ್ತೂ ತುಂಬದ, ಕಡ್ಡಿಯಂಥ ಹೆಂಗಸು; ಲೆಕ್ಕ ಓದಿಕೊಂಡು ಬಂದವರು; ಶಿವನಂಜಮ್ಮನನ್ನು ಅಕ್ಕಾ ಎನ್ನುತ್ತಿದ್ದರು. ಗೋಡೆಯ ಮುಂದೆ ನಿಂತು, ತಮಿಳಿನಲ್ಲಿ, ಯಾವ ಕೊಂಕೂ ಇಲ್ಲದೆ ಕೇಳಿದರು. ತಾಳಮಲೆ ಕಡೆಯ ಒಂಬತ್ತು ಫಾರಂ ತಂದವಳು ಸೋಲಿಗರ ಕುಮಾರಿ. ಅವಳ ಫಾರಮ್ಮುಗಳಲ್ಲಿ ಹಳದಿ ಹದಿನಾಲ್ಕು ಗಂಟೆ, ಹದಿನಾರು ಗಂಟೆ, ಒಂದರಲ್ಲಿ ಇಪ್ಪತ್ತು. ನೀನು ತಂದ ಹದಿನಾಲ್ಕು ಫಾರಮ್ಮಿನಲ್ಲಿ ಹಳದಿ ಒಂದು ಗಂಟೆ, ಹೆಚ್ಚೆಂದರೆ ಎರಡು. ನಡುವೆ ಒಂದು ಕಾಡು, ಅಷ್ಟೇ. ಅಷ್ಟಕ್ಕೇ ತಿಗನಾರೆಯ ಹೆಂಗಸರ ಮೈ ಬೇರೆ ಥರ ಇರುತ್ತದಾ ಅಕ್ಕಾ? ಆಮೇಲೆ ಅವರೇ ಬಿಡಿಸಿ ಹೇಳಿದರು. ಹೆಂಗಸರು ಸಾಯುತ್ತಿರುವುದು ಕೆಂಪಿನಲ್ಲಾದರೆ ಊರಿಗೊಂದು ಗಾಡಿ ಕೇಳಬೇಕು. ಹಳದಿಯಲ್ಲಾದರೆ ಗಾಡಿ ಬಂದು ಬಾಗಿಲಲ್ಲಿ ನಿಂತರೂ ಉಪಯೋಗವಿಲ್ಲ. ನೋವು ಬಂದದ್ದನ್ನು ತಿಳಿದು ಹೊರಡಿಸುವ ಹೆಂಗಸು ಕೇರಿಗೊಬ್ಬಳು ಬೇಕು, ತುಂಬಿದ ಬಸುರಿಯರು ಮುಂಚೆಯೇ ಬಂದು ಇರುವುದಕ್ಕೆ ಆಸ್ಪತ್ರೆಯ ಪಕ್ಕದಲ್ಲಿ ಒಂದು ಕೋಣೆ ಬೇಕು. ತಪ್ಪು ಬಣ್ಣ ಓದಿದರೆ ತಪ್ಪು ಮದ್ದು ಸಿಗುತ್ತದೆ, ಇನ್ನೂ ಐದು ವರ್ಷ ಹೀಗೇ ಸಾಯುತ್ತಾರೆ ಅಂದರು. ಕೊನೆಗೆ ಹದಿನೇಳನೇ ನಂಬರಿನ ಮೇಲೆ ಬೆರಳಿಟ್ಟರು. ಇದೇ ಜೀಪು ಇನ್ನೂ ಏಳು ಸಲ ಹೋಗಿದೆ, ಒಂದು ಸಲವೂ ನಲವತ್ತು ನಿಮಿಷಕ್ಕಿಂತ ಹೆಚ್ಚು ಕಾಯಿಸಿಲ್ಲ, ಇದೊಂದರಲ್ಲಿ ಮಾತ್ರ ಎರಡೂವರೆ ಗಂಟೆ ಹೇಗೆ? ನೀನೇ ಒಂದು ಸಲ ಆ ಜೀಪಿನವರನ್ನು ಕೇಳಿಕೊಂಡು ಬಾ. ಶಿವನಂಜಮ್ಮ ತಲೆಯಾಡಿಸಿದಳು.

ಸುಳ್ಳು ಬರೆದದ್ದು ಒಂದೇ ಫಾರಮ್ಮಿನಲ್ಲಿ, ಉಳಿದ ಹದಿಮೂರರಲ್ಲಿ ತಾನು ಕೇಳಿದ್ದನ್ನೇ ಬರೆದಿದ್ದೇನೆ ಎಂದು ಬಸ್‌ಸ್ಟ್ಯಾಂಡಿನವರೆಗೂ ತನಗೆ ತಾನೇ ಹೇಳಿಕೊಂಡು ಬಂದಳು. ಆದರೆ ಕೇಳಿದ್ದು ಹೇಗೆ? ನೋವು ಎಷ್ಟು ಗಂಟೆಗೆ ಶುರುವಾಯಿತು ಎಂದು ಕೇಳಿದಳು, ಅವರು ಒಂದು ಗಂಟೆ ಹೇಳಿದರು, ಬರೆದುಕೊಂಡಳು. ಅವರು ಹೇಳಿದ್ದು ನೋವು ಶುರುವಾದ ಗಂಟೆಯಲ್ಲ, ನೋವಿನ ಸುದ್ದಿ ಮನೆಯಿಂದ ಹೊರಗೆ ಬಂದ ಗಂಟೆ ಎಂಬುದು ಆ ಕೇರಿಯಲ್ಲೇ ಹುಟ್ಟಿದವಳಿಗೆ ಗೊತ್ತಾಗುವುದಿಲ್ಲವೇ? ಕೇರಿಯಲ್ಲಿ ಬಸುರಿಗೆ ಸೊಂಟ ಹಿಡಿಯಿತೆಂದರೆ ಮೊದಲು ಬಾಗಿಲು ಮುಚ್ಚುತ್ತಾರೆ. ಪೆಟ್ಟಿಗೆಯ ಬೀಗ ತೆಗೆಯುತ್ತಾರೆ, ಜಡೆ ಬಿಚ್ಚುತ್ತಾರೆ, ಹಗ್ಗದ ಗಂಟು ಸಡಿಲಿಸುತ್ತಾರೆ, ಬಾಯಿಗೆ ಮಾತ್ರ ಗಂಟು ಹಾಕಿಕೊಳ್ಳುತ್ತಾರೆ. ಹೊರಗಿನ ಕಿವಿಗೆ ಬಿದ್ದರೆ ನೋವು ನಿಲ್ಲುವುದಿಲ್ಲ, ಮಗು ತಿರುಗುವುದಿಲ್ಲ ಎಂಬ ಭಯ. ಕೈಮೀರಿದ ಮೇಲೆ ಓಡಿಬಂದು, ಈಗ ಶುರುವಾಯಿತು ಅನ್ನುತ್ತಾರೆ. ಸತ್ತು ಮಣ್ಣಾದ ಮೇಲೂ ಹಾಗೇ ಹೇಳುತ್ತಾರೆ, ಹೇಳಿ ಹೇಳಿ ಅವರಿಗೂ ಅದೇ ನಿಜ. ತಾಳಮಲೆಯ ಸೋಲಿಗರಲ್ಲಿ ಹಾಗಿಲ್ಲ, ಒಬ್ಬಳಿಗೆ ನೋವು ಬಂದರೆ ಪೋಡಿನ ಗುಡಿಸಲುಗಳಿಗೆಲ್ಲ ಗೊತ್ತು, ಅದಕ್ಕೇ ಕುಮಾರಿಯ ಫಾರಮ್ಮು ಬೇರೆ. ಇದೆಲ್ಲ ಗೊತ್ತಿದ್ದೂ ಇನ್ನೊಂದು ಮಾತು ಕೇಳಲಿಲ್ಲ ಅವಳು. ಹಳದಿ ಕುಗ್ಗಿದಷ್ಟೂ ಕೆಂಪು ಎದ್ದು ಕಾಣುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದ್ವೇಷಕ್ಕೆ ಅದು ತಾನಾಗಿಯೇ ತಿಳಿದಿತ್ತು.

ಬಸ್ಸಿನಲ್ಲಿ ಸೀಟು ಸಿಕ್ಕಿತು, ಪಕ್ಕದಲ್ಲಿ ಕೋಸಿನ ಮೂಟೆ. ನಾಲ್ಕು ವರ್ಷದ ಹಿಂದೆ, ಮಡಿಲು ಕೊಡವು ಅಂದಿದ್ದ ಪುಟ್ಟಬಸಪ್ಪ. ಅವರೆ ಬಿಡಿಸುವ ಕೂಲಿಗೆ ಹೋದ ಹನ್ನೆರಡು ಹೆಂಗಸರು ಅವನ ಹೊಲದ ಬದುವಿನಲ್ಲಿ ಸಾಲಾಗಿ ನಿಂತಿದ್ದರು. ಅವಳ ಸರದಿ ಬಂದಾಗ, ಕೊಡವಮ್ಮಿ, ಅದ್ಯಾಕೆ ಅಂಗ್ ಇಡ್ಕೊಂಡಿದ್ದೀಯ, ಅಂದ. ಕೊಡವಿದಳು. ಏಳೆಂಟು ಅವರೆಕಾಯಿ ಉದುರಿದವು. ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದಿದ್ದ ಪರಿಮಳ ಸೊಗಡಿನ ಕಾಯಿಗೆ ಆಸೆಪಟ್ಟಿದ್ದಳು, ಅಷ್ಟೇ ಅದರ ಕಥೆ. ಬೈದಿದ್ದರೆ ಬೈಸಿಕೊಳ್ಳುತ್ತಿದ್ದಳು. ಕೂಲಿಯಲ್ಲಿ ಹಿಡಿದಿದ್ದರೆ ಜಗಳ ಆಡುತ್ತಿದ್ದಳು. ಅವನು ನಕ್ಕ. ಬಸುರಿ ಹೆಂಗಸಿಗೆ ತಾನೇ, ತಗೊಂಡು ಹೋಗು, ಕೇಳಿದ್ದರೆ ಕೊಡುತ್ತಿರಲಿಲ್ಲವೇ ಎಂದು ಎಲ್ಲರ ಎದುರಿಗೆ ಎರಡು ಬೊಗಸೆ ತುಂಬಿ ಹಾಕಿದ. ಅದೇ ಮಡಿಲಿಗೆ. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆ ಕಾಯನ್ನು ಅವಳು ದಾರಿಯಲ್ಲಿ ಚೆಲ್ಲಲಿಲ್ಲ, ಅದು ಇನ್ನೂ ಅವಮಾನ. ಮನೆಗೆ ತಂದು, ಬೇಯಿಸಿ, ತಂಗಿಗೆ ಬಡಿಸಿದಳು. ಅವತ್ತಿನಿಂದ ಅವನನ್ನು ಬುದ್ದಿ ಎಂದು ಕರೆಯುವುದನ್ನು ಬಿಟ್ಟಳು, ಆ ಹೊಲಕ್ಕೆ ಕಾಲಿಡಲಿಲ್ಲ. ಅದಾದ ಹದಿನೈದನೇ ದಿನ ಪರಿಮಳಳಿಗೆ ಸೊಂಟ ಹಿಡಿದುಕೊಂಡದ್ದು. ಅವ್ವ ರಾಗಿ ಕೊಯ್ಲಿಗೆಂದು ತಾಳಮಲೆಗೆ ಹೋಗಿ ನಾಲ್ಕು ದಿನವಾಗಿತ್ತು. ಮನೆಯಲ್ಲಿ ಇಬ್ಬರೇ.

ಮಧ್ಯಾಹ್ನ. ಬಿಸಿಲು ಹೊಸ್ತಿಲು ದಾಟಿ ಒಳಗೆ ಒಂದು ಗೇಣು ಬಂದಿತ್ತು. ಪರಿಮಳ ಗೋಡೆಗೆ ಅಂಗೈ ಊರಿ ನಿಂತಳು, ಅಕ್ಕ ಅಂದಳು. ಶಿವನಂಜಮ್ಮ ಬಾಗಿಲು ಮುಚ್ಚಿದಳು. ಯಾರ್ಗೂ ಯೋಳ್ಬ್ಯಾಡ, ಬಾಯ್ ಬುಡ್ಬ್ಯಾಡ ಅಂದಳು. ಆಮೇಲೆ ಪೊರಕೆ ತೆಗೆದುಕೊಂಡು ಹೊರಗೆ ಬಂದು ಅಂಗಳ ಗುಡಿಸಿದಳು, ಗುಡಿಸಿದ್ದನ್ನೇ ಇನ್ನೊಂದು ಸಲ ಗುಡಿಸಿದಳು. ಪಕ್ಕದ ಮನೆಯವಳು, ಎಲ್ಲಮ್ಮಿ ಪರಿಮಳ ಕಾಣುವುದೇ ಇಲ್ಲ ಅಂದರೆ, ಉಂಡು ಮಲಗಿದ್ದಾಳೆ ಅಂದಳು. ದನ ಮನೆಗೆ ಬರುವ ಹೊತ್ತಿಗೆ ತಂಗಿಯ ತುಟಿ ಒಣಗಿ ಬಿರಿದಿತ್ತು. ಆಗಲೇ ಗೊತ್ತಾಗಿತ್ತು ಇದು ಮನೆಯಲ್ಲಿ ಮುಗಿಯುವ ಹೆರಿಗೆಯಲ್ಲ ಎಂದು. ಊರಿನಲ್ಲಿ ಇದ್ದದ್ದು ಒಂದೇ ಜೀಪು. ಆ ಅಂಗಳಕ್ಕೆ ಹೋಗಿ ನಿಲ್ಲಬೇಕು, ಅವನು ಮತ್ತೆ ನಗಬೇಕು, ಕೇಳಿದರೆ ಕೊಡುತ್ತಿರಲಿಲ್ಲವೇ ಅನ್ನಬೇಕು. ಇನ್ನೊಂದು ಸ್ವಲ್ಪ ಹೊತ್ತು ನೋಡೋಣ, ಕೇರಿಯಲ್ಲಿ ಎಲ್ಲರೂ ಹೀಗೇ ತಾನೇ ಹೆತ್ತಿರುವುದು ಎಂದುಕೊಂಡು ಕೂತಳು. ಇನ್ನೊಂದು ಸ್ವಲ್ಪ ಹೊತ್ತು, ಇನ್ನೊಂದು ಸ್ವಲ್ಪ ಹೊತ್ತು ಅಂತಲೇ ಬೆಳಗಾಯಿತು. ಆರು ಗಂಟೆಗೆ ಹೋದಳು. ಅವನು ಪೂಜೆಗೆ ಕೂತಿದ್ದ, ಕೈ ಎತ್ತಿ ಇರು ಎಂದು ಸನ್ನೆ ಮಾಡಿದ. ಪೂಜೆ ಮುಗಿಸಿ ಎದ್ದು ಬಂದು ಜೀಪಿನ ಸೀಟಿಗೆ ಎರಡು ಗೊಬ್ಬರದ ಚೀಲ ಹಾಸಿದ. ಆ ಚೀಲ ಅವಳ ಕಣ್ಣಿಗೆ ಕಟ್ಟಿದ ಹಾಗಿದೆ. ತಾಳವಾಡಿಯ ನರ್ಸಮ್ಮ ನೋಡಿ ಸತ್ಯಮಂಗಲಕ್ಕೆ ಚೀಟಿ ಬರೆದಳು. ದಿಂಬಂ ದಾಟಿ ಘಾಟಿ ಇಳಿಯುವಾಗ, ಎಷ್ಟನೆಯದೋ ತಿರುವಿನಲ್ಲಿ, ತೊಡೆಯ ಮೇಲಿದ್ದ ತಲೆ ಭಾರವಾಯಿತು. ಜೀಪು ಅಲ್ಲೇ ಹಿಂದಕ್ಕೆ ತಿರುಗಿತು. ಅವ್ವ ಬಂದು ಎದೆ ಬಡಿದುಕೊಂಡು, ಯಾಕಮ್ಮಿ ತಡ ಮಾಡಿದೆ ಎಂದು ಕೇಳಿದಾಗ, ನಾನಲ್ಲ ಅವ್ವ, ಅವನು ತಡ ಮಾಡಿದ್ದು, ನಾಲ್ಕು ಗಂಟೆಗೇ ಹೋಗಿ ಅವನ ಅಂಗಳದಲ್ಲಿ ನಿಂತಿದ್ದೆ ಎಂಬ ಮಾತು ಬಾಯಿಂದ ತಾನಾಗಿಯೇ ಬಂತು. ಯಾರೋ ಹೇಳಿಸಿದ ಹಾಗೆ ಬಂತು.

ಆ ಮಾತಿಗೆ ಕಾಲು ಬಂದು ಊರೆಲ್ಲ ತಿರುಗಿತು. ಹೋದ ವರ್ಷದ ಪಂಚಾಯತಿ ಎಲೆಕ್ಷನ್ನಿನಲ್ಲಿ ಪುಟ್ಟಬಸಪ್ಪ ಹನ್ನೊಂದು ಓಟಿನಿಂದ ಸೋತ. ಕೇರಿಯ ಒಂದು ಓಟೂ ಅವನಿಗೆ ಬೀಳಲಿಲ್ಲ. ಅವತ್ತು ಶಿವನಂಜಮ್ಮ ಒಂದು ತುತ್ತು ಹೆಚ್ಚಿಗೆ ಉಂಡಿದ್ದಳು. ಸಾಲದು ಅನ್ನಿಸಿತ್ತು. ಅವ್ವನಿಗಂತೂ ಈ ಸುಳ್ಳೇ ಊರುಗೋಲು. ಅವನ ಹೆಸರು ಹಿಡಿದು ಶಾಪ ಹಾಕುವುದರಲ್ಲಿ ದೊಡ್ಡಮಾದಮ್ಮನ ದಿನ ಶುರುವಾಗುತ್ತಿತ್ತು, ಅದೊಂದು ಇರದಿದ್ದರೆ ಮುದುಕಿ ಎಂದೋ ಹಾಸಿಗೆ ಹಿಡಿಯುತ್ತಿದ್ದಳು. ಮಗಳ ಸರ್ವೆ ಕೆಲಸದ ಬಗ್ಗೆ ಅವಳಿಗೆ ತಿಳಿದದ್ದು ಇಷ್ಟೇ, ಆಫೀಸರ್ ಮುಂದೆ ಅವನ ಮಾನ ಹೋಗುತ್ತದೆ. ಸಾಯೋಕ್ ಮುಂಚೆ ಅದೊಂದ್ ನೋಡ್ಬುಟ್ರೆ ಸಾಕು ಕಣಮ್ಮಿ ಅನ್ನುತ್ತಿದ್ದಳು.

ಮಾರನೆಯ ದಿನ ಬೆಳಿಗ್ಗೆ ಶಿವನಂಜಮ್ಮ ಆ ಅಂಗಳಕ್ಕೆ ಹೋದಳು. ಕೈಯಲ್ಲಿ ರಟ್ಟು, ರಟ್ಟಿಗೆ ಸಿಕ್ಕಿಸಿದ ಫಾರಮ್ಮು, ಕುತ್ತಿಗೆಯಲ್ಲಿ ಸಂಸ್ಥೆಯ ಗುರುತಿನ ಚೀಟಿ. ಕೂಲಿಯವಳಾಗಿ ಬಂದಿಲ್ಲ, ಕೇಳುವ ಅಧಿಕಾರ ಇಟ್ಟುಕೊಂಡು ಬಂದಿದ್ದೇನೆ ಎಂದುಕೊಂಡರೂ ಕಾಲು ತಾನಾಗಿಯೇ ಅಂಗಳದ ಅಂಚಿನಲ್ಲಿ, ಕೂಲಿಯವರು ನಿಲ್ಲುವ ಕಡೆಯೇ ನಿಂತಿತು. ಪುಟ್ಟಬಸಪ್ಪ ಜಗಲಿಯ ಮೇಲೆ ಬಿತ್ತನೆಗೆ ಬೆಳ್ಳುಳ್ಳಿ ಹಿಲುಕು ಬಿಡಿಸುತ್ತಾ ಕೂತಿದ್ದ. ಮೈ ಇಳಿದಿತ್ತು. ಇಳಿಯಲಿ. ಜಗಲಿಗೆ ಬಾ ಅಂದ, ಅವಳು ಒಲ್ಲೆನೆಂದಳು. ನಿಮ್ಮ ಜೀಪು ಹೋದ ಹೆರಿಗೆಗಳ ವಿವರ ಬೇಕು ಗೌಡ್ರೇ ಎಂದು ಪುಸ್ತಕದ ಮಾತಿನಲ್ಲಿ ಕೇಳಿದಳು. ಅವನು ಒಂದೊಂದಾಗಿ ಹೇಳುತ್ತಾ ಹೋದ. ಯಾರ ಮನೆಯವರು, ಯಾವ ತಿಂಗಳು, ಎಷ್ಟು ಹೊತ್ತಿಗೆ ಬಂದು ಕರೆದರು, ಎಷ್ಟು ಹೊತ್ತಿಗೆ ಹೊರಟೆ, ಎಲ್ಲಿಯವರೆಗೆ ಉಸಿರಿತ್ತು. ಏಳು ಹೇಳಿ ನಿಲ್ಲಿಸಿದ. ಅವನು ಮರೆತಿರಬಹುದು, ಯಾವ ಪರಿಮಳ ಎಂದು ಕೇಳಬಹುದು, ಹಾಗೆ ಕೇಳಿದರೆ ರಟ್ಟಿನಿಂದ ಮುಖಕ್ಕೆ ಬಾರಿಸಿಬಿಡಬೇಕು ಎಂದು ಅವಳ ಕೈ ಬಿಗಿಯಾಯಿತು. ಎಂಟನೆಯದು ಇದೆ ಅಂದಳು. ತಲೆ ಎತ್ತದೆ ಅವನು, ಅದನ್ನು ನಾನ್ಯಾಕೆ ಹೇಳಲಿ, ನೀನೇ ಬರೆದುಕೊಂಡಿದ್ದೀಯಲ್ಲ ಅಂದ. ಎರಡೂವರೆ ಗಂಟೆ ಕಾಯಿಸಿದಿರಿ ಎಂದು ಬರೆದಿದೆ ಎಂದು ಅವಳು ಓದಿದಳು.

“ಅರ್ಧ ಗಂಟೆ ಕಣಮ್ಮಿ,” ಅಂದ ಪುಟ್ಟಬಸಪ್ಪ. “ಪೂಜೇಲಿ ಕುಂತಿದ್ದೆ. ಎದ್ದು ಬರ್ಬೋದಿತ್ತು, ಬರ್ನಿಲ್ಲ. ಆ ಅರ್ಧ ಗಂಟೆ ನಂದು. ಅದ ನಾ ಒತ್ಕೊಂಡೇ ತಿರುಗ್ತಾ ಇವ್ನಿ.”

ಅವಳು ಬರೆದುಕೊಳ್ಳಲಿಲ್ಲ. ಅವನು ಇನ್ನೊಂದು ಗಡ್ಡೆ ತೆಗೆದುಕೊಂಡು ಅಂಗೈಯಲ್ಲಿ ಒತ್ತಿ ಒಡೆದ.

“ದಿಂಬಂ ತಾವ ಬಿಸ್ನೀರ್ ತರಕ್ಕೆ ನೀನು ಟೀ ಅಂಗಡಿಗೆ ಓದ್ಯಲ್ಲ, ಆಗ ಆ ಮಗ ನನ್ ಕುಟ್ಟೆ ಯೋಳ್ತು. ನಿನ್ನೆ ಮದ್ಯಾನ್ದಿಂದ ನೋಯ್ತಾ ಅದ ಬುದ್ದಿ, ಅಕ್ಕ ಯಾರ್ಗೂ ಯೋಳ್ಬ್ಯಾಡ ಅಂದವ್ಳೆ, ನೀವೂ ಯೋಳ್ಬ್ಯಾಡಿ ಅಂತು. ನಾ ಯಾರ್ಗೂ ಯೋಳ್ನಿಲ್ಲ. ಎಲೆಕ್ಸನ್ನಲ್ಲಿ ನಮ್ಮೋರೇ ಬಂದು ನಿಜ ಏನು ಯೋಳ್ಬುಡು ಅಂದ್ರು. ಯೋಳ್ಬುಟ್ರೆ ನಿಂಗೇನ್ ಉಳೀತದ ಅಂತ ಸುಮ್ನಾದೆ. ಓಗು, ಎರಡೂವರೆ ಗಂಟೆ ಅಂತ್ಲೇ ಇರ್ಲಿ.”

ಇರಲಿ ಅಂದ. ಎರಡು ಬೊಗಸೆ ಅವರೆಕಾಯಿ ಹಾಕಿದ ಹಾಗೇ ಇದನ್ನೂ ಹಾಕಿದ. ಮನೆಗೆ ಹೇಗೆ ಬಂದಳೋ, ದಾರಿಯಲ್ಲಿ ಯಾರು ಸಿಕ್ಕರೋ ನೆನಪಿಲ್ಲ. ನಾಲ್ಕು ವರ್ಷ ಅವನು ಅವಳ ಮಡಿಲಲ್ಲಿ ಏನಿದೆ ಎಂದು ನೋಡಿ, ನೋಡಿಯೂ ಕೊಡವು ಅನ್ನದೆ, ಊರ ಬಾಯಲ್ಲಿ ಬಿದ್ದು, ಓಟು ಕಳೆದುಕೊಂಡು ತಿರುಗುತ್ತಿದ್ದ. ಅವಳು ಹೆಚ್ಚಿಗೆ ಉಂಡ ಆ ತುತ್ತೂ ಅವನು ಇಕ್ಕಿದ್ದೇ. ಅವಳು ಬೀದಿಯಲ್ಲಿ ಎದುರಾದಾಗ ಕ್ಯಾಕರಿಸಿ ಉಗಿದದ್ದನ್ನು ನೋಡಿ ಅವನು ಮನಸ್ಸಿನಲ್ಲೇ ಪಾಪ ಅಂದುಕೊಂಡಿರಬೇಕು. ಪಾಪ! ಇನ್ನು ಬದುಕಿರುವಷ್ಟು ದಿನವೂ ಅವನು ಕೊಟ್ಟದ್ದನ್ನು ಉಟ್ಟುಕೊಂಡು ತಿರುಗಬೇಕು, ಮೈಕಿನಲ್ಲಿ ಅವನ ಹೆಸರು ಕೂಗಿದರೂ ಮುಂದಿನ ಕುರ್ಚಿಯಲ್ಲಿ ಅವನು ಸುಮ್ಮನೆ ಕೂತು ಇರಲಿ ಅನ್ನುತ್ತಾನೆ. ಅವನ ಮಾನ ಅವಳ ಕೈಯಲ್ಲಿದೆ ಎಂದುಕೊಂಡಿದ್ದಳು, ಅವಳದೇ ಅವನ ಕೈಯಲ್ಲಿತ್ತು. ತಂಗಿ ಸತ್ತದ್ದಕ್ಕೆ ಬಂದ ಅಳುವಲ್ಲ ಅದು. ಸಿಟ್ಟಿಗೆ ಬಂದ ಅಳು, ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತಳು. ಅವನಿಂದ ತನ್ನ ಮಾನವನ್ನು ಕಿತ್ತುಕೊಳ್ಳುವುದಕ್ಕೆ ಇರುವುದು ಒಂದೇ ದಾರಿ. ಅವನು ಮುಚ್ಚಿಟ್ಟದ್ದನ್ನು ತಾನೇ ತೆಗೆದು ಊರ ಮುಂದೆ ಇಟ್ಟುಬಿಟ್ಟರೆ ಆಮೇಲೆ ಅವನ ಕೈಯಲ್ಲಿ ಏನಿರುತ್ತದೆ? ಅರ್ಧ ಗಂಟೆ. ಅದನ್ನೂ ಬಿಡುವುದಿಲ್ಲ, ಅದನ್ನೂ ಓದುತ್ತೇನೆ ಎಂದುಕೊಂಡಳು. ಇದಕ್ಕೆ ಜನ ಪಶ್ಚಾತ್ತಾಪ ಎಂದು ಹೆಸರಿಡಬಹುದು. ಹಾಗೆ ಅಂದವರ ಬಾಯಿಗೆ ಮಣ್ಣು ಹಾಕಬೇಕು.

ಉಳಿದ ಹದಿನೈದು ದಿನ ಹದಿಮೂರು ಮನೆಗೂ ಎರಡನೇ ಸಲ ಹೋದಳು. ಗಂಟೆ ಕೇಳುವುದನ್ನು ಬಿಟ್ಟಳು. ಸತ್ತವಳು ಮೊದಲು ಸೊಂಟಕ್ಕೆ ಕೈ ಇಟ್ಟುಕೊಂಡಾಗ ಒಲೆಯ ಮೇಲೆ ಏನಿತ್ತು ಎಂದು ಕೇಳಿದಳು. ನೀರು ಹೊತ್ತು ತಂದದ್ದು ಆದ ಮೇಲೋ ಮುಂಚೆಯೋ, ಶಾಲೆ ಬಿಟ್ಟಿತ್ತೋ, ಬಿಸಿಲು ಯಾವ ಗೋಡೆಯ ಮೇಲಿತ್ತು. ಗಂಟೆಗೆ ಮುಚ್ಚಿಕೊಳ್ಳುತ್ತಿದ್ದ ಬಾಯಿ ಒಲೆಗೆ ತೆರೆದುಕೊಂಡಿತು. ಹುರುಳಿ ಬೇಯ್ತಾ ಇತ್ತು ಕಣವ್ವ, ಅಂದಳು ಒಬ್ಬಳು ಅತ್ತೆ; ಅಂದವಳೇ ಅದು ಹಿಂದಿನ ದಿನದ ಹುರುಳಿ ಎಂದು ನೆನಪಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇನ್ನೊಂದು ಮನೆಯಲ್ಲಿ ಕರಿಯ ಎಂಬ ಗಂಡ, ತಾನು ಕೂಲಿಯಿಂದ ಬಂದಾಗ ಹೆಂಡತಿ ಬಾಗಿಲ ಹಿಂದೆ ಇದ್ದಳು, ತನಗೂ ಹೇಳಿರಲಿಲ್ಲ, ತಾನು ಜಗಲಿಯ ಮೇಲೆ ಕೂತು ಬೀಡಿ ಸೇದುತ್ತಿದ್ದೆ ಎಂದು ಹೇಳಿ ಎದ್ದು ಹೋಗಿಬಿಟ್ಟ. ಶಿವನಂಜಮ್ಮ ಎಲ್ಲವನ್ನೂ ಬರೆದುಕೊಂಡಳು. ಅವರಿಗಾಗಿ ಮರುಗುವಷ್ಟು ಜಾಗ ಅವಳ ಒಳಗೆ ಇರಲಿಲ್ಲ. ಒಂದೊಂದು ಮನೆಯ ಹಳದಿ ಬೆಳೆದಾಗಲೂ ಅವನು ಮುಚ್ಚಿಟ್ಟುಕೊಂಡದ್ದರಲ್ಲಿ ಅಷ್ಟು ಕಿತ್ತುಕೊಂಡೆ ಎಂಬ ಉರಿಯಲ್ಲಿ ಮುಂದಿನ ಮನೆಗೆ ನಡೆಯುತ್ತಿದ್ದಳು. ಕೊನೆಗೆ ಹದಿನೇಳನೇ ಫಾರಮ್ಮನ್ನು ಹೊಸದಾಗಿ ತುಂಬಿಸಿದಳು. ಮೇಡಂ ಹೊಸ ಚಾರ್ಟು ತೆಗೆದು ಗೋಡೆಗೆ ಅಂಟಿಸಿ ಹಿಂದಕ್ಕೆ ಸರಿದು ನೋಡಿದರು. ಗೋಡೆ ತುಂಬ ಹಳದಿ, ಕೆಂಪನ್ನು ಹುಡುಕಬೇಕಾಗಿತ್ತು. ತುಂಬಾ ಒಳ್ಳೆಯ ಕೆಲಸ ಅಕ್ಕಾ, ಇದರಿಂದ ಎಷ್ಟೋ ಜನ ಉಳಿಯುತ್ತಾರೆ ಎಂದು ಕೈ ಹಿಡಿದುಕೊಂಡರು. ಆ ಕೈಯಿಂದ ತನ್ನ ಕೈ ಬಿಡಿಸಿಕೊಳ್ಳುವುದು ಹೇಗೆಂದು ಶಿವನಂಜಮ್ಮನಿಗೆ ತಿಳಿಯಲಿಲ್ಲ.

ಮೇ ಒಂದರ ಬೆಳಿಗ್ಗೆ ಶಾಲೆಯ ಮುಂದೆ ಶಾಮಿಯಾನ. ಅಧಿಕಾರಿ, ತಲೈವರ್ ಅನ್ನಿಸಿಕೊಳ್ಳುವ ಪಂಚಾಯತಿ ಅಧ್ಯಕ್ಷ, ಪೊನ್ಮಣಿ ಮೇಡಂ ಮೇಜಿನ ಹಿಂದೆ. ಮುಂದಿನ ಸಾಲಿನ ಕುರ್ಚಿಯಲ್ಲಿ ಪುಟ್ಟಬಸಪ್ಪ, ಹೆಗಲ ಮೇಲೆ ಟವಲು. ಹೆಂಗಸರ ಕಡೆ ಜಮಖಾನೆಯ ಮೇಲೆ, ಎಲ್ಲರಿಗಿಂತ ಮುಂದೆ, ದೊಡ್ಡಮಾದಮ್ಮ. ಒಗೆದ ಸೀರೆ ಉಟ್ಟು, ಎಲೆಅಡಿಕೆ ಹಾಕಿಕೊಂಡು, ನೋಡುವುದಕ್ಕೆಂದೇ ಬಂದು ಕೂತಿದ್ದಳು. ಅವ್ವನಿಗೆ ಮೊದಲೇ ಹೇಳಬೇಕೆಂದು ಶಿವನಂಜಮ್ಮ ಮೂರು ದಿನದಿಂದ ಅಂದುಕೊಂಡಿದ್ದಳು, ಹೇಳಿರಲಿಲ್ಲ. ಹೇಳಿದರೆ ಅವ್ವ ಬರುವುದಿಲ್ಲ, ಬರದಿದ್ದರೆ ಕೇರಿಯವರು ಕಿವಿಗೊಡುವುದಿಲ್ಲ ಎಂದು ಕಾರಣ ಕೊಟ್ಟುಕೊಂಡಿದ್ದಳು. ನಿಜವೆಂದರೆ ಅವಳ ಕಣ್ಣಿಗೆ ಅಲ್ಲಿ ಕಾಣುತ್ತಿದ್ದದ್ದು ಒಂದೇ ಮುಖ. ಮೈಕು ಹಿಡಿದು ಶುರು ಮಾಡಿದಳು. ಒಂದನೇ ನಂಬರು, ಮನೆಯಲ್ಲಿ ಹದಿನೈದು ಗಂಟೆ, ಗಾಡಿಗೆ ಇಪ್ಪತ್ತು ನಿಮಿಷ. ಎರಡನೇ ನಂಬರು. ಮೂರನೇ ನಂಬರು. ಗದ್ದಲ ನಿಂತಿತು. ಹೆಂಗಸರ ಕಡೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹೆಸರು ಹೇಳದಿದ್ದರೂ ಯಾರ ಮನೆಯ ಗಂಟೆ ಯಾವುದೆಂದು ಎಲ್ಲರಿಗೂ ತಿಳಿಯುತ್ತಿತ್ತು.

ಹದಿನಾರು ಮುಗಿಸಿ ಹಾಳೆ ತಿರುಗಿಸಿದಳು. ಪುಟ್ಟಬಸಪ್ಪ ಅವಳನ್ನೇ ನೋಡುತ್ತಿದ್ದ. ಏನು ಬರುತ್ತದೆ ಎಂದು ಅವನಿಗೆ ಗೊತ್ತಾಗಿರಬೇಕು. ಯಾರಿಗೂ ಕಾಣದ ಹಾಗೆ, ಬೇಡ ಎಂದು ತಲೆಯಾಡಿಸಿದ. ಅವನು ಅಷ್ಟು ಮಾಡದಿದ್ದರೆ ನಂಬರು ಓದಿ ಮುಂದಕ್ಕೆ ಹೋಗುತ್ತಿದ್ದಳೇನೋ. ಆ ಬೇಡ ಎಂಬುದು ಅವಳ ಮೈಗೆ ಬೆಂಕಿ ಹಚ್ಚಿತು. ನಿನ್ನ ಹತ್ತಿರ ಇನ್ನು ಏನೂ ಇಲ್ಲ, ನೋಡು, ಎಲ್ಲ ಸುರಿದುಬಿಡುತ್ತೇನೆ ನೋಡು ಎಂದುಕೊಳ್ಳುತ್ತಾ, ಅವನ ಮುಖದಿಂದ ಕಣ್ಣು ಕೀಳದೆ, ಮೈಕು ಬಾಯಿಗೆ ಹತ್ತಿರ ತಂದಳು.

“ಅದಿನೇಳ್ನೇ ನಂಬ್ರು ನನ್ ತಂಗಿ ಪರಿಮಳ. ಮನೇಲಿ ಅದಿನೆಂಟು ಗಂಟೆ. ಮದ್ಯಾನ ಅನ್ನೆರಡ್ರಿಂದ ಬೆಳಿಗ್ಗೆ ಆರರ್ಗಂಟ. ಇಡ್ಕೊಂಡಿದ್ದೋಳು ನಾನು. ಯಾರ್ಗೂ ಯೋಳ್ಬ್ಯಾಡ ಅಂದೋಳು ನಾನು. ಜೀಪ್ಗೆ ಕಾದಿದ್ದು ಅರ್ಧ ಗಂಟೆ. ಪುಟ್ಬಸಪ್ನೋರ್ದು. ಎರಡೂವರೆ ಗಂಟೆ ಅಂತ ನಾನೇ ಸುಳ್ಳು ಯೋಳಿದ್ದು.”

ಪುಟ್ಟಬಸಪ್ಪ ತಲೆ ತಗ್ಗಿಸಿದ. ಕೊನೆಗೂ ತಗ್ಗಿತು ಆ ತಲೆ, ಊರಿನ ಎದುರಿಗೆ, ಅವಳು ನೆನೆದ ಹಾಗೆಯೇ. ಅವನ ಹತ್ತಿರ ಇನ್ನು ಅರ್ಧ ಗಂಟೆಯಷ್ಟೇ ಉಳಿಯಿತು. ಅದೂ ಎಲ್ಲರ ಕಿವಿಗೆ ಬಿತ್ತು. ಅವಳ ಎದೆ ಹಗುರಾಯಿತು. ಒಂದು ಗಳಿಗೆ, ಒಂದೇ ಗಳಿಗೆ, ಗೆದ್ದೆ ಅನ್ನಿಸಿತು. ಅಧಿಕಾರಿ ಏನು ವಿಷಯವೆಂದು ತಮಿಳಿನಲ್ಲಿ ಮೇಡಂ ಕಡೆ ಬಾಗಿ ಕೇಳುತ್ತಿದ್ದರು. ಜಮಖಾನೆಯ ಕಡೆಯಿಂದ ಯಾರೋ ಏಳುವುದಕ್ಕೆ ಹೆಣಗುವ ಸದ್ದು ಕೇಳಿ ಶಿವನಂಜಮ್ಮ ಅತ್ತ ನೋಡಿದಳು. ದೊಡ್ಡಮಾದಮ್ಮ ಪಕ್ಕದವಳ ಭುಜ ಹಿಡಿದು ಎದ್ದು ನಿಂತಿದ್ದಳು. ಬೈಯಲಿಲ್ಲ. ಪುಟ್ಟಬಸಪ್ಪನ ಕಡೆ ತಿರುಗಿ ಕೂಡ ನೋಡಲಿಲ್ಲ. ಬಾಯಲ್ಲಿದ್ದ ಎಲೆಅಡಿಕೆಯನ್ನು ಅಂಗೈಗೆ ಉಗಿದು ಹಿಡಿದುಕೊಂಡು, ಮನೆಯಲ್ಲಿ ಉಪ್ಪು ಇದೆಯಾ ಎಂದು ಕೇಳುವ ಧ್ವನಿಯಲ್ಲಿ ಕೇಳಿದಳು.

“ಅಷ್ಟೊತ್ನಲ್ಲಿ ಪರಿಮಳ ನನ್ನ ಕೇಳುದ್ಲಾ?”

ಶಿವನಂಜಮ್ಮ ಹಾಳೆಯ ಕಡೆ ನೋಡಿದಳು. ಹದಿನೇಳರ ಕೆಳಗೆ ಹದಿನೆಂಟಿತ್ತು. ಮೈಕು ಕೆಳಗಿಡಬೇಕೆಂದು ಹೊಳೆಯಲಿಲ್ಲ.

“ಕೇಳುದ್ಲು ಕಣವ್ವ.”

“ಏನಂದೆ?”

“ಆಳ್ ಕಳ್ಸಿವ್ನಿ, ಅವ್ವ ಬತ್ತಾ ಅವ್ಳೆ ಅಂದೆ.”

“ಕಳ್ಸಿದ್ಯಾ?”

ತಾಳಮಲೆ ದೂರವೇನೂ ಇರಲಿಲ್ಲ. ಬೆಳಗಾಗುವುದರೊಳಗೆ ಹೋಗಿ ಬರಬಹುದಾಗಿತ್ತು.

“ಇಲ್ಲ,” ಅಂದಳು ಶಿವನಂಜಮ್ಮ. ಅದು ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು.